ಜನರಲ್ ಗ್ರೋವ್ಸ್: ಬಾಂಬ್ ಕಟ್ಟಿಸಿದ ಎಂಜಿನಿಯರ್

ಓಪನ್‌ಹೈಮರ್ ಸಿನಿಮಾವನ್ನು ನಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಅದರಲ್ಲಿ ಮ್ಯಾಟ್ ಡೇಮನ್ ಮಾಡಿದ ಮೀಸೆಯ ಮಿಲಿಟರಿ ಆಫೀಸರ್ ನೆನಪಿರಬಹುದು. ಅವರೇ ಜನರಲ್ ಲೆಸ್ಲಿ ಗ್ರೋವ್ಸ್. ಸಿನಿಮಾ ನೋಡಿದವರಿಗೆ ಅವರು ವಿಜ್ಞಾನಿಗಳನ್ನು ಗದರಿಸಿ ಕೆಲಸ ತೆಗೆಯೋ ಬಾಸ್ ಅನ್ನಿಸುತ್ತಾರೆ, ಅಷ್ಟೇ. ಆದರೆ ಮೊದಲ ಅಣುಬಾಂಬ್ ತಯಾರಿಸಿದ ಮ್ಯಾನ್‌ಹಟನ್ ಪ್ರಾಜೆಕ್ಟ್‌ನ ಮುಖ್ಯಸ್ಥರು ಓಪನ್‌ಹೈಮರ್ ಅಲ್ಲ, ಗ್ರೋವ್ಸ್. ಓಪನ್‌ಹೈಮರ್ ನೋಡಿಕೊಂಡಿದ್ದು ಲಾಸ್ ಅಲಾಮೋಸ್ ಅನ್ನೋ ಒಂದು ಲ್ಯಾಬ್. ಜಾಗ ಕೊಳ್ಳೋದು, ಕಾರ್ಖಾನೆ ಕಟ್ಟಿಸೋದು, ಯುರೇನಿಯಂ ತರಿಸೋದು, ಕಂಪನಿಗಳನ್ನು ಒಪ್ಪಿಸೋದು, ಗುಟ್ಟು ಕಾಯೋದು ಎಲ್ಲಾ ಗ್ರೋವ್ಸ್ ಕೆಲಸ. ಕೊನೆಗೆ ಬಾಂಬ್ ಯಾವ ಊರಿನ ಮೇಲೆ ಬೀಳಬೇಕು ಅನ್ನೋ ಪಟ್ಟಿ ಮಾಡೋದರಲ್ಲೂ ಅವರ ಕೈ ಇತ್ತು.

ಗ್ರೋವ್ಸ್ ಭೌತವಿಜ್ಞಾನಿ ಅಲ್ಲ, ಎಂಜಿನಿಯರ್. ಅದಕ್ಕೇ ಈ ಲೇಖನ. ಅವರಿಂದ ನಾವು ಕಲಿಯಬೇಕಾದ್ದು ತುಂಬಾ ಇದೆ, ಕಲಿಯಬಾರದ್ದೂ ಇದೆ. ಎರಡೂ ಒಂದೇ ಮನುಷ್ಯನಲ್ಲಿ, ಒಂದೇ ಪ್ರಾಜೆಕ್ಟ್‌ನಲ್ಲಿ ಇರೋದರಿಂದ ಬಿಡಿಸಿ ನೋಡೋದು ಕಷ್ಟ. ಪ್ರಯತ್ನ ಮಾಡೋಣ.

ಓದು ಮತ್ತು ಮೊದಲ ಕೆಲಸಗಳು

ಗ್ರೋವ್ಸ್ 1896ರ ಆಗಸ್ಟ್ 17ರಂದು ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ಹುಟ್ಟಿದರು. ತಂದೆ ಪಾದ್ರಿ. ಅದೇ ವರ್ಷ ತಂದೆ ಸೇನೆಯ ಪಾದ್ರಿಯಾಗಿ ಸೇರಿದ್ದರಿಂದ ಮನೆಯಲ್ಲಿ ಸೇನೆಯ ವಾತಾವರಣವೇ ಇತ್ತು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಒಂದಷ್ಟು ಕಾಲ, ಎಂಐಟಿಯಲ್ಲಿ ಎರಡು ವರ್ಷ ಓದಿ, 1916ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಗೆ ಹೋದರು. ಮೊದಲನೇ ಮಹಾಯುದ್ಧ ನಡೀತಿದ್ದರಿಂದ ಕೋರ್ಸ್ ಮೊಟಕಾಯಿತು. 1918ರ ನವೆಂಬರ್‌ನಲ್ಲಿ ತರಗತಿಗೆ ನಾಲ್ಕನೆಯವರಾಗಿ ಪಾಸಾಗಿ ಸೇನೆಯ ಎಂಜಿನಿಯರ್ ದಳ ಸೇರಿದರು. ಅದೇ ತಿಂಗಳು ಯುದ್ಧವೇ ಮುಗಿದುಹೋಯಿತು!

ಶಾಂತಿಯ ಕಾಲದಲ್ಲಿ ಸೇನೆಯಲ್ಲಿ ಪ್ರಮೋಷನ್ ಸಿಗೋದು ತುಂಬಾ ನಿಧಾನ. ಗ್ರೋವ್ಸ್ ಕ್ಯಾಪ್ಟನ್ ಆಗೋಕೆ 1934ರವರೆಗೆ ಕಾಯಬೇಕಾಯಿತು. ಈ ನಡುವೆ ನಿಕರಾಗುವಾ ದೇಶದಲ್ಲಿ ಎರಡು ಸಾಗರಗಳನ್ನು ಸೇರಿಸೋ ಕಾಲುವೆಗೆ ಸರ್ವೆ ಮಾಡೋ ತಂಡದಲ್ಲಿದ್ದರು. 1931ರಲ್ಲಿ ಅಲ್ಲಿನ ರಾಜಧಾನಿ ಮನಾಗುವಾದಲ್ಲಿ ಭೂಕಂಪ ಆದಾಗ ಇಡೀ ಊರಿನ ನೀರು ಸರಬರಾಜಿನ ಜವಾಬ್ದಾರಿ ಹೊತ್ತರು. ಅದಕ್ಕೆ ಆ ದೇಶದ ಸರ್ಕಾರ ಪದಕ ಕೊಟ್ಟಿತು.

1940ರಲ್ಲಿ ಯುರೋಪಿನ ಯುದ್ಧ ಅಮೆರಿಕಕ್ಕೂ ಬರುತ್ತೆ ಅನ್ನೋ ಸೂಚನೆ ಸಿಕ್ಕಾಗ ಚಿತ್ರ ಬದಲಾಯಿತು. ಸೈನಿಕರಿಗೆ ಕ್ಯಾಂಪ್, ಗೋದಾಮು, ಆಸ್ಪತ್ರೆ, ಮದ್ದುಗುಂಡಿನ ಕಾರ್ಖಾನೆ ಎಲ್ಲಾ ಒಟ್ಟಿಗೇ ಬೇಕಾಯಿತು. ಜುಲೈನಲ್ಲಿ ಮೇಜರ್ ಆದ ಗ್ರೋವ್ಸ್ ನವೆಂಬರ್‌ಗೆ ಕರ್ನಲ್! ದೇಶದ ತುಂಬ ನಡೆಯುತ್ತಿದ್ದ ಸೇನಾ ಕಟ್ಟಡಗಳ ಕೆಲಸ ಅವರ ಉಸ್ತುವಾರಿಗೆ ಬಂತು.

ಅವುಗಳಲ್ಲಿ ಒಂದು ಪೆಂಟಗನ್. ಐದು ಮೂಲೆ ಯಾಕೆ ಅಂತ ಯೋಚಿಸಿದ್ದೀರಾ? ಮೊದಲು ಗೊತ್ತುಮಾಡಿದ್ದ ಜಾಗದ ಸುತ್ತ ಇದ್ದ ರಸ್ತೆಗಳಿಗೆ ಹೊಂದೋ ಹಾಗೆ ಆ ಆಕಾರ ಬರೆದಿದ್ದರು. ಆಮೇಲೆ ಜಾಗ ಬದಲಾಯಿತು, ಆಕಾರ ಮಾತ್ರ ಉಳಿಯಿತು. 1941ರ ಸೆಪ್ಟೆಂಬರ್ 11ರಂದು ಕೆಲಸ ಶುರುವಾಗಿ 1943ರ ಜನವರಿಗೆ ಮುಗಿಯಿತು. ಅಂದರೆ ಸುಮಾರು 16 ತಿಂಗಳು. ಯುದ್ಧಕ್ಕೆ ಉಕ್ಕು ಉಳಿಸಬೇಕು ಅಂತ ಕಾಂಕ್ರೀಟ್ ಹೆಚ್ಚು ಬಳಸಿದರು, ಜನ ಓಡಾಡೋಕೆ ಲಿಫ್ಟ್ ಬದಲು ಇಳಿಜಾರು ರ‍್ಯಾಂಪ್ ಮಾಡಿದರು. ಡ್ರಾಯಿಂಗ್ ಮುಗಿಯೋ ಮೊದಲೇ ಕಾಂಕ್ರೀಟ್ ಹಾಕ್ತಿದ್ದ ದಿನಗಳೂ ಇದ್ದವು. ಈ ರೀತಿ ಕೆಲಸ ಮಾಡೋ ಅಭ್ಯಾಸ ಮುಂದೆ ದೊಡ್ಡದಾಗಿ ಉಪಯೋಗಕ್ಕೆ ಬಂತು.

ಬೇಡದೇ ಬಂದ ಕೆಲಸ

1942ರ ಸೆಪ್ಟೆಂಬರ್ 17. ಗ್ರೋವ್ಸ್‌ಗೆ ಆಫೀಸ್ ಸಾಕಾಗಿತ್ತು, ಯುದ್ಧಭೂಮಿಗೆ ಹೋಗೋ ಆಸೆ ಇತ್ತು. ಅದಕ್ಕೆ ಅವಕಾಶವೂ ಬಂದಿತ್ತು. ಅವತ್ತೇ ಅವರ ಮೇಲಧಿಕಾರಿ ಜನರಲ್ ಸಾಮರ್ವೆಲ್, ನೀನು ವಾಷಿಂಗ್ಟನ್‌ನಲ್ಲೇ ಇರಬೇಕು, ಬೇರೆ ಒಂದು ಕೆಲಸ ಇದೆ, ಸರಿಯಾಗಿ ಮಾಡಿದರೆ ಯುದ್ಧ ಗೆಲ್ಲಬಹುದು ಅಂದರು. ಕೆಲಸ ಯಾವುದು ಅಂತ ಗೊತ್ತಾದಾಗ ಗ್ರೋವ್ಸ್‌ಗೆ ನಿರಾಸೆಯೇ ಆಯಿತು. ಅವರು ನೋಡಿಕೊಳ್ಳುತ್ತಿದ್ದ ಕಟ್ಟಡ ಕೆಲಸಗಳ ಮುಂದೆ ಆಗಿನ್ನೂ ಅದು ಚಿಕ್ಕ ಪ್ರಾಜೆಕ್ಟ್.

ಆದರೆ ಒಪ್ಪಿಕೊಂಡ ಮೇಲೆ ಒಂದು ದಿನವೂ ಕಾಯಲಿಲ್ಲ. ನ್ಯೂಯಾರ್ಕ್‌ನ ಸ್ಟೇಟನ್ ಐಲೆಂಡ್‌ನಲ್ಲಿ ಬೆಲ್ಜಿಯನ್ ಕಾಂಗೋದ ಶಿಂಕೊಲೊಬ್ವೆ ಗಣಿಯಿಂದ ಬಂದ ಸುಮಾರು 1,200 ಟನ್ ಯುರೇನಿಯಂ ಅದಿರು ಡ್ರಮ್‌ಗಳಲ್ಲಿ ಸುಮ್ಮನೆ ಬಿದ್ದಿತ್ತು. ಮಾರನೇ ದಿನವೇ ತಮ್ಮ ಸಹಾಯಕ ನಿಕೋಲ್ಸ್‌ರನ್ನು ಕಳಿಸಿ ಅದರ ಖರೀದಿ ಮಾತು ಮುಗಿಸಿದರು. ಅದರ ಮಾರನೇ ದಿನ ಸಾಮಗ್ರಿ ಹಂಚಿಕೆಯಲ್ಲಿ ಎಲ್ಲಕ್ಕಿಂತ ಮೇಲಿನ ಆದ್ಯತೆ ಬರೆಸಿಕೊಂಡರು. ಟೆನೆಸ್ಸಿ ರಾಜ್ಯದ ಓಕ್ ರಿಜ್‌ನಲ್ಲಿ ಜಾಗ ಕೊಳ್ಳೋದಕ್ಕೂ ಒಪ್ಪಿಗೆ ಕೊಟ್ಟರು. ಸೆಪ್ಟೆಂಬರ್ 23ಕ್ಕೆ ಬ್ರಿಗೇಡಿಯರ್ ಜನರಲ್ ಆದರು.

ಅಕ್ಟೋಬರ್‌ನಲ್ಲಿ ಷಿಕಾಗೋದ ವಿಜ್ಞಾನಿಗಳನ್ನು ಭೇಟಿ ಮಾಡಿ, ಒಂದು ಬಾಂಬ್‌ಗೆ ಎಷ್ಟು ವಸ್ತು ಬೇಕು, ನಿಮ್ಮ ಅಂದಾಜು ಎಷ್ಟು ಸರಿ ಅಂತ ಕೇಳಿದರು. ಹತ್ತರಷ್ಟು ಆಚೆ ಈಚೆ ಇರಬಹುದು ಅಂದರು ಅವರು. ಗ್ರೋವ್ಸ್ ಗಾಬರಿಯಾದರು. ಊಟಕ್ಕೆ ಹತ್ತು ಜನ ಬರಬಹುದು, ಸಾವಿರ ಜನವೂ ಬರಬಹುದು, ಅಡುಗೆ ಮಾಡಿಡು ಅಂತ ಹೇಳಿದ ಹಾಗಾಯಿತು ಇದು ಅಂತ ಆಮೇಲೆ ಅವರೇ ಬರೆದುಕೊಂಡಿದ್ದಾರೆ. ಲ್ಯಾಬ್‌ನವರಿಗೆ ಹತ್ತರಷ್ಟು ವ್ಯತ್ಯಾಸ ದೊಡ್ಡದಲ್ಲ. ಕಾರ್ಖಾನೆ ಕಟ್ಟೋನಿಗೆ ಅದೇ ಎಲ್ಲಾ.

ನಿಜವಾದ ಸಮಸ್ಯೆ ಎಲ್ಲಿತ್ತು?

ಬಾಂಬ್‌ಗೆ ಬೇಕಾದ್ದು ಯುರೇನಿಯಂ-235. ನೆಲದಿಂದ ತೆಗೆದ ಯುರೇನಿಯಂನಲ್ಲಿ ಅದು ಇರೋದು ಸುಮಾರು 0.7 ಶೇಕಡಾ. ಮಿಕ್ಕಿದ್ದೆಲ್ಲ ಯುರೇನಿಯಂ-238. ಎರಡರ ರಾಸಾಯನಿಕ ಗುಣವೂ ಒಂದೇ, ಹಾಗಾಗಿ ಆಸಿಡ್ ಹಾಕಿ ಬೇರೆ ಮಾಡೋಕೆ ಆಗಲ್ಲ. ಇರೋ ವ್ಯತ್ಯಾಸ ತೂಕದಲ್ಲಿ ಮಾತ್ರ.

ಪಿಯುಸಿಯಲ್ಲಿ ಓದಿದ ಗ್ರಹಾಂ ನಿಯಮ ನೆನಪು ಮಾಡಿಕೊಳ್ಳಿ. ಹಗುರವಾದ ಅನಿಲ ಸಣ್ಣ ರಂಧ್ರದಿಂದ ಬೇಗ ಹೊರಗೆ ಹೋಗುತ್ತೆ. ವೇಗದ ಅನುಪಾತ ತೂಕದ ಅನುಪಾತದ ವರ್ಗಮೂಲ. ಯುರೇನಿಯಂ ಹೆಕ್ಸಾಫ್ಲೋರೈಡ್ ಅನಿಲ ತಗೊಂಡರೆ ಒಂದು ಅಣುವಿನ ತೂಕ 235 + 114 = 349, ಇನ್ನೊಂದರದ್ದು 238 + 114 = 352. 352/349ರ ವರ್ಗಮೂಲ ಸುಮಾರು 1.0043. ಅಂದರೆ ಒಂದು ಸಲ ಜರಡಿ ಹಿಡಿದರೆ ಹೆಚ್ಚೆಂದರೆ 0.43 ಶೇಕಡಾ ಲಾಭ! ಆದ್ದರಿಂದ ಅದೇ ಕೆಲಸವನ್ನು ಸಾವಿರಾರು ಹಂತಗಳಲ್ಲಿ ಮತ್ತೆ ಮತ್ತೆ ಮಾಡಬೇಕು. ಇದಕ್ಕೆ ಓಕ್ ರಿಜ್‌ನಲ್ಲಿ ಕಟ್ಟಿದ ಕೆ-25 ಅನ್ನೋ ಕಟ್ಟಡ ಇಂಗ್ಲಿಷಿನ ಯು ಅಕ್ಷರದ ಆಕಾರದಲ್ಲಿ ಅರ್ಧ ಮೈಲಿ ಉದ್ದ ಇತ್ತು. ಆ ಅನಿಲ ಲೋಹವನ್ನೇ ತಿನ್ನೋದರಿಂದ ಒಳಗಡೆಯ ಭಾಗಗಳಿಗೆ ನಿಕ್ಕಲ್ ಬೇಕು. ಜರಡಿಯ ರಂಧ್ರಗಳು ಕಣ್ಣಿಗೆ ಕಾಣದಷ್ಟು ಸಣ್ಣ. ತಮಾಷೆ ಅಂದರೆ, ಕಟ್ಟಡ ಮೇಲೇಳುತ್ತಿದ್ದಾಗ ಈ ಜರಡಿಯನ್ನು ಹೇಗೆ ಮಾಡಬೇಕು ಅಂತಾನೇ ಸರಿಯಾಗಿ ಗೊತ್ತಿರಲಿಲ್ಲ. 1944ರ ಜನವರಿಯಲ್ಲಿ ಗ್ರೋವ್ಸ್ ಒಂದು ಬಗೆಯ ಜರಡಿ ಬಿಟ್ಟು ಇನ್ನೊಂದಕ್ಕೆ ಬದಲಾಯಿಸಿದರು. ಮೊದಲನೆಯದಕ್ಕೆ ಅಂತ ಹಾಕಿದ್ದ ಯಂತ್ರಗಳನ್ನು ಕಿತ್ತುಹಾಕಿಸಿದರು.

ಇದು ಕೈಕೊಟ್ಟರೆ ಅಂತ ಎರಡನೇ ದಾರಿಯೂ ಇತ್ತು. ವೈ-12 ಅನ್ನೋ ಕಾರ್ಖಾನೆಯಲ್ಲಿ ದೈತ್ಯ ಅಯಸ್ಕಾಂತಗಳಿಂದ ಅಯಾನುಗಳ ದಾರಿ ಬಗ್ಗಿಸಿ ಬೇರೆ ಮಾಡೋದು. ಹಗುರವಾದದ್ದು ಹೆಚ್ಚು ಬಾಗುತ್ತೆ, ಭಾರವಾದದ್ದು ಕಡಿಮೆ. ಕಾಯಿಲ್ ಸುತ್ತೋಕೆ ತಾಮ್ರ ಬೇಕು, ಯುದ್ಧದಲ್ಲಿ ತಾಮ್ರಕ್ಕೆ ಬರ. ಹಾಗಾದರೆ ಬೆಳ್ಳಿ ಬಳಸೋಣ ಅಂದರು! ಅಮೆರಿಕದ ಖಜಾನೆಯಿಂದ ಸುಮಾರು 13,000 ಟನ್ ಬೆಳ್ಳಿ ಸಾಲ ತಂದರು. ನಿಕೋಲ್ಸ್ ಟನ್ ಲೆಕ್ಕದಲ್ಲಿ ಕೇಳಿದಾಗ ಖಜಾನೆಯ ಅಧಿಕಾರಿ, ನಾವಿಲ್ಲಿ ಬೆಳ್ಳಿಯನ್ನು ಔನ್ಸ್‌ನಲ್ಲಿ ಅಳೆಯೋದು ಅಂದರಂತೆ. ಯುದ್ಧ ಮುಗಿದ ಮೇಲೆ ಹೆಚ್ಚುಕಡಿಮೆ ಪೂರ್ತಿ ಬೆಳ್ಳಿ ವಾಪಸ್ ಹೋಯಿತು. 1943ರ ಕೊನೆಗೆ ಮೊದಲ ಅಯಸ್ಕಾಂತಗಳು ಎಣ್ಣೆಯಲ್ಲಿದ್ದ ಕೊಳೆ, ತೇವದಿಂದ ಶಾರ್ಟ್ ಆದವು. ಗ್ರೋವ್ಸ್ ತಾವೇ ಬಂದು ನೋಡಿ, 48 ಅಯಸ್ಕಾಂತಗಳನ್ನೂ ಫ್ಯಾಕ್ಟರಿಗೆ ವಾಪಸ್ ಕಳಿಸಿದರು.

1944ರಲ್ಲಿ ಮೂರನೇ ದಾರಿಯೂ ಸೇರಿತು, ಬಿಸಿ ಮತ್ತು ತಣ್ಣನೆಯ ಗೋಡೆಗಳ ನಡುವೆ ಬೇರ್ಪಡಿಸೋ ಎಸ್-50. ಮೂರರಲ್ಲಿ ಒಂದೂ ಆಗ ತಾನಾಗಿ ಬಾಂಬ್‌ಗೆ ಸಾಕಾಗುವಷ್ಟು ಕೊಡ್ತಿರಲಿಲ್ಲ. ಹಾಗಾಗಿ ಮೂರನ್ನೂ ಸರಣಿಯಲ್ಲಿ ಜೋಡಿಸಿದರು. ಎಸ್-50 ಸ್ವಲ್ಪ ಏರಿಸಿ ಕೆ-25ಗೆ ಕೊಡೋದು, ಅದು ಇನ್ನಷ್ಟು ಏರಿಸಿ ವೈ-12ಗೆ ಕೊಡೋದು. ಯಾವ ದಾರಿ ಗೆಲ್ಲುತ್ತೆ ಅಂತ ಗೊತ್ತಿಲ್ಲದಾಗ ಎಲ್ಲದರಲ್ಲೂ ಒಟ್ಟಿಗೇ ಹಣ ಹಾಕಿದ್ದು ಗ್ರೋವ್ಸ್ ವಿಧಾನ. ಇದು ಅಗ್ಗದ ವಿಧಾನ ಅಲ್ಲ. ಒಟ್ಟು ಖರ್ಚು ಸುಮಾರು 200 ಕೋಟಿ ಡಾಲರ್ ಆಯಿತು. ಒಂದು ಹಂತದಲ್ಲಿ 1,25,000ಕ್ಕೂ ಹೆಚ್ಚು ಜನ ಕೆಲಸದಲ್ಲಿದ್ದರು.

ಹೆಚ್ಚುವರಿ 504 ಕೊಳವೆಗಳು

ಇನ್ನೊಂದು ಬಾಂಬ್‌ಗೆ ಪ್ಲುಟೋನಿಯಂ ಬೇಕಿತ್ತು. ಅದನ್ನು ರಿಯಾಕ್ಟರ್‌ನಲ್ಲೇ ತಯಾರಿಸಬೇಕು. ಗ್ರೋವ್ಸ್ ಈ ಕೆಲಸವನ್ನು ವಿಜ್ಞಾನಿಗಳಿಗೆ ಕೊಡದೆ ಡುಪಾಂಟ್ ಕಂಪನಿಗೆ ಕೊಟ್ಟರು. ಮೊದಲ ಮಹಾಯುದ್ಧದ ವ್ಯಾಪಾರಕ್ಕಾಗಿ ಆಮೇಲೆ ಸಾವಿನ ವ್ಯಾಪಾರಿ ಅಂತ ಬೈಸಿಕೊಂಡಿದ್ದ ಡುಪಾಂಟ್ ಈ ಸಲ ಖರ್ಚಿನ ಮೇಲೆ ಕೇವಲ 1 ಡಾಲರ್ ಶುಲ್ಕಕ್ಕೆ ಒಪ್ಪಿತು. ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫೋರ್ಡ್‌ನಲ್ಲಿ, ಕೊಲಂಬಿಯಾ ನದಿಯ ಪಕ್ಕ, ರಿಯಾಕ್ಟರ್‌ಗಳು ಎದ್ದವು. ಅಲ್ಲಿದ್ದ ರೈತರನ್ನು, ವಾನಪಮ್ ಬುಡಕಟ್ಟಿನವರನ್ನು ಎಬ್ಬಿಸಿದರು. ಯಾಕೆ ಅಂತ ಅವರಿಗೆ ಯಾರೂ ಹೇಳಲಿಲ್ಲ.

ವಿಜ್ಞಾನಿಗಳ ಡಿಸೈನ್ ಪ್ರಕಾರ ರಿಯಾಕ್ಟರ್‌ಗೆ ವೃತ್ತಾಕಾರದಲ್ಲಿ 1,500 ಕೊಳವೆ ಸಾಕಿತ್ತು. ಡುಪಾಂಟ್‌ನ ಎಂಜಿನಿಯರ್ ಜಾರ್ಜ್ ಗ್ರೇವ್ಸ್ (ಹೆಸರು ಹತ್ತಿರ ಇದೆ, ನಮ್ಮ ಗ್ರೋವ್ಸ್ ಅಲ್ಲ) ಚೌಕದ ಮೂಲೆಗಳಲ್ಲೂ ಕೊಳವೆ ಇರಲಿ ಅಂತ 504 ಸೇರಿಸಿದರು. ಸುಮ್ಮನೆ ದುಡ್ಡು, ಸಮಯ ಹಾಳು ಅಂತ ವಿಜ್ಞಾನಿಗಳು ಗೊಣಗಿದರು. 1944ರ ಸೆಪ್ಟೆಂಬರ್ ಕೊನೆಗೆ ಬಿ ರಿಯಾಕ್ಟರ್ ಶುರುವಾಯಿತು. ಕೆಲವೇ ಗಂಟೆಗಳಲ್ಲಿ ಶಕ್ತಿ ಕುಸಿಯುತ್ತಾ ಬಂದು ತಾನಾಗಿ ನಿಂತುಹೋಯಿತು. ಸ್ವಲ್ಪ ಹೊತ್ತಾದ ಮೇಲೆ ತಾನಾಗಿ ಮತ್ತೆ ಹೊತ್ತಿಕೊಂಡಿತು! ಕಾರಣ ಕ್ಸೆನಾನ್-135. ವಿದಳನದಿಂದ ಹುಟ್ಟೋ ಈ ಅನಿಲ ನ್ಯೂಟ್ರಾನ್‌ಗಳನ್ನು ನುಂಗಿಬಿಡುತ್ತೆ, ಅದರ ಅರ್ಧಾಯುಷ್ಯ ಸುಮಾರು 9 ಗಂಟೆ. ಹೆಚ್ಚು ಇಂಧನ ತುಂಬಿದರೆ ಇದನ್ನು ಮೀರಬಹುದು, ಆದರೆ ತುಂಬೋಕೆ ಜಾಗ ಬೇಕಲ್ಲ? ಮೂಲೆಯ ಆ 504 ಕೊಳವೆಗಳೇ ಜಾಗ. ಕ್ಸೆನಾನ್ ವಿಷ ಇವತ್ತಿಗೂ ನಮ್ಮ ಕೈಗಾದಂಥ ವಿದ್ಯುತ್ ಸ್ಥಾವರಗಳಲ್ಲಿ ಆಪರೇಟರ್‌ಗಳು ಲೆಕ್ಕ ಹಾಕಲೇಬೇಕಾದ ವಿಷಯ. ಫ್ಯಾಕ್ಟರ್ ಆಫ್ ಸೇಫ್ಟಿ ಅಂತ ಪರೀಕ್ಷೆಗೆ ಬರೀತೀವಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಏನು ಕೆಡುತ್ತೆ ಅಂತ ಗೊತ್ತಿಲ್ಲದಿದ್ದರೂ ಏನೋ ಕೆಡುತ್ತೆ ಅಂತ ಇಟ್ಟುಕೊಳ್ಳೋ ಜಾಗ ಅದು.

ಜನರನ್ನು ಆರಿಸೋದು, ಗೋಡೆ ಕಟ್ಟೋದು

ಓಪನ್‌ಹೈಮರ್‌ರನ್ನು ಲ್ಯಾಬ್‌ನ ನಿರ್ದೇಶಕ ಮಾಡಿದ್ದು ಗ್ರೋವ್ಸ್ ನಿರ್ಧಾರ. ಅವರಿಗೆ ನೊಬೆಲ್ ಇರಲಿಲ್ಲ, ಆಡಳಿತದ ಅನುಭವ ಇರಲಿಲ್ಲ, ಹತ್ತಿರದವರಲ್ಲಿ ಕಮ್ಯುನಿಸ್ಟರಿದ್ದರು. ಭದ್ರತಾ ಅಧಿಕಾರಿಗಳು ಬೇಡ ಅಂದರು. 1943ರ ಜುಲೈನಲ್ಲಿ ಗ್ರೋವ್ಸ್, ಈ ವ್ಯಕ್ತಿ ಪ್ರಾಜೆಕ್ಟ್‌ಗೆ ಅತ್ಯಗತ್ಯ, ತಡಮಾಡದೆ ಅನುಮತಿ ಕೊಡಿ ಅಂತ ಲಿಖಿತ ಆದೇಶ ಕೊಟ್ಟರು.

ಅದೇ ಗ್ರೋವ್ಸ್ ಒಂದು ಕಠಿಣ ನಿಯಮವನ್ನೂ ತಂದರು. ಪ್ರತಿಯೊಬ್ಬರಿಗೂ ತಮ್ಮ ಕೆಲಸಕ್ಕೆ ಬೇಕಾದಷ್ಟೇ ಗೊತ್ತಿರಬೇಕು, ಅದಕ್ಕಿಂತ ಹೆಚ್ಚು ಬೇಡ. ಓಕ್ ರಿಜ್‌ನ ವೈ-12ರಲ್ಲಿ ಹೈಸ್ಕೂಲ್ ಮುಗಿಸಿದ ಹಳ್ಳಿ ಹುಡುಗಿಯರು ಪ್ಯಾನೆಲ್ ಮುಂದೆ ಕೂತು, ಮುಳ್ಳು ಇಷ್ಟರಲ್ಲಿರಬೇಕು ಅಂತ ನಾಬ್ ತಿರುಗಿಸುತ್ತಿದ್ದರು. ಒಮ್ಮೆ ಪಂದ್ಯ ಇಟ್ಟಾಗ ವಿಜ್ಞಾನಿಗಳಿಗಿಂತ ಇವರೇ ಹೆಚ್ಚು ಉತ್ಪಾದನೆ ತೆಗೆದರು. ತಾವು ಏನು ಮಾಡ್ತಿದ್ದೇವೆ ಅಂತ ಅವರಿಗೆ ಗೊತ್ತಾಗಿದ್ದು 1945ರ ಆಗಸ್ಟ್ 6ರ ರೇಡಿಯೋ ಸುದ್ದಿಯಿಂದ.

ನಿಲ್ಲಿಸೋ ಬಟನ್ ಇಲ್ಲದ ಪ್ರಾಜೆಕ್ಟ್

ಈ ಪ್ರಾಜೆಕ್ಟ್ ಶುರುವಾಗಿದ್ದೇ ಒಂದು ಭಯದಿಂದ. ಹಿಟ್ಲರ್‌ನ ಜರ್ಮನಿ ಮೊದಲು ಬಾಂಬ್ ಮಾಡಿಬಿಟ್ಟರೆ? ಅದನ್ನು ತಿಳಿಯೋಕೆ ಗ್ರೋವ್ಸ್ ಅವರೇ ಆಲ್ಸಾಸ್ ಅನ್ನೋ ಗುಪ್ತ ತಂಡ ಕಳಿಸಿದ್ದರು. 1944ರ ಕೊನೆಗೆ ಸ್ಟ್ರಾಸ್‌ಬರ್ಗ್‌ನಲ್ಲಿ ಸಿಕ್ಕ ಕಾಗದಪತ್ರಗಳಿಂದ ಜರ್ಮನಿ ಬಾಂಬ್‌ಗೆ ಹತ್ತಿರವೂ ಇಲ್ಲ ಅಂತ ಗೊತ್ತಾಯಿತು. 1945ರ ಮೇನಲ್ಲಿ ಜರ್ಮನಿ ಶರಣಾಯಿತು.

ಇಲ್ಲಿ ನಿಂತು ಯೋಚಿಸಬೇಕು. ಯಾವ ಕಾರಣಕ್ಕೆ ಕೆಲಸ ಶುರುವಾಯಿತೋ ಆ ಕಾರಣವೇ ಹೋಯಿತು. ಕೆಲಸ ನಿಂತಿತಾ? ಇಲ್ಲ, ಇನ್ನೂ ಜೋರಾಯಿತು. ಜಪಾನ್ ಜೊತೆ ಯುದ್ಧ ನಡೀತಿತ್ತು, ದಿನಾ ಸೈನಿಕರು ಸಾಯುತ್ತಿದ್ದರು ಅನ್ನೋದು ನಿಜ. ಹಾಕಿದ 200 ಕೋಟಿ ಡಾಲರ್‌ಗೆ ಲೆಕ್ಕ ಕೊಡಬೇಕು ಅನ್ನೋದೂ ಇತ್ತು. ಜರ್ಮನಿಯ ಭಯ ಹೋಯಿತು ಅಂತ ಲಾಸ್ ಅಲಾಮೋಸ್ ಬಿಟ್ಟು ಹೊರಟವರು ಒಬ್ಬರೇ, ಜೋಸೆಫ್ ರೋಟ್‌ಬ್ಲಾಟ್. ಅವರಿಗೆ 1995ರಲ್ಲಿ ಶಾಂತಿ ನೊಬೆಲ್ ಬಂತು.

1945ರ ಜುಲೈ 16ರಂದು ನ್ಯೂ ಮೆಕ್ಸಿಕೋ ಮರುಭೂಮಿಯಲ್ಲಿ ಟ್ರಿನಿಟಿ ಪರೀಕ್ಷೆ ಯಶಸ್ವಿಯಾಯಿತು. ಅದೇ ತಿಂಗಳು ಲಿಯೋ ಸಿಲಾರ್ಡ್ ಮತ್ತು ಷಿಕಾಗೋದ ಸುಮಾರು 70 ಜನ, ಜಪಾನಿಗೆ ಶರಣಾಗೋ ಅವಕಾಶ ಕೊಡದೆ ಬಾಂಬ್ ಬಳಸಬೇಡಿ ಅಂತ ಅಧ್ಯಕ್ಷ ಟ್ರೂಮನ್‌ಗೆ ಮನವಿ ಬರೆದರು. ಅದು ಗ್ರೋವ್ಸ್ ಆಫೀಸ್ ಮೂಲಕ ಹೋಗಬೇಕಿತ್ತು. ಅಲ್ಲಿ ತಡವಾಯಿತು, ಅಧ್ಯಕ್ಷರ ಕೈ ಸೇರಲೇ ಇಲ್ಲ. ಗುರಿಗಳ ಪಟ್ಟಿಯಲ್ಲಿ ಗ್ರೋವ್ಸ್‌ಗೆ ಕ್ಯೋಟೋ ನಗರ ಬೇಕಿತ್ತು. ಜಪಾನಿನ ಹಳೆ ರಾಜಧಾನಿ, ದೇವಸ್ಥಾನಗಳ ಊರು ಅದು. ಯುದ್ಧ ಕಾರ್ಯದರ್ಶಿ ಸ್ಟಿಮ್ಸನ್ ಅದನ್ನು ಹೊಡೆದುಹಾಕಿದರು. ಗ್ರೋವ್ಸ್ ಮತ್ತೆ ಮತ್ತೆ ಕೇಳಿದರು. ಸ್ಟಿಮ್ಸನ್ ಬಗ್ಗಲಿಲ್ಲ.

ಜುಲೈ 25ರ ಆದೇಶದ ಕರಡು ಬರೆದಿದ್ದು ಗ್ರೋವ್ಸ್. ಮೊದಲ ಬಾಂಬ್ ಆದಮೇಲೆ, ಮುಂದಿನವು ತಯಾರಾದ ಹಾಗೆ ಹಾಕ್ತಾ ಹೋಗಿ ಅಂತ ಅದರಲ್ಲಿತ್ತು. ಎರಡನೇದಕ್ಕೆ ಬೇರೆ ಅನುಮತಿ ಬೇಕಿರಲಿಲ್ಲ. ಆಗಸ್ಟ್ 6ರಂದು ಹಿರೋಶಿಮಾ, 9ರಂದು ನಾಗಸಾಕಿ. ಆ ವರ್ಷದ ಕೊನೆಯೊಳಗೆ ಹಿರೋಶಿಮಾದಲ್ಲಿ ಸುಮಾರು 1,40,000, ನಾಗಸಾಕಿಯಲ್ಲಿ ಸುಮಾರು 70,000 ಜನ ಸತ್ತರು ಅಂತ ಅಂದಾಜು. ಆಗಸ್ಟ್ 10ರಂದು ಗ್ರೋವ್ಸ್, ಮುಂದಿನದು ಕೆಲವೇ ದಿನಗಳಲ್ಲಿ ರೆಡಿ ಅಂತ ವರದಿ ಕೊಟ್ಟರು. ಅಧ್ಯಕ್ಷರ ಸ್ಪಷ್ಟ ಅನುಮತಿ ಇಲ್ಲದೆ ಇನ್ನು ಹಾಕಬಾರದು ಅಂತ ಆಗ ಮೇಲಿನಿಂದ ಆದೇಶ ಬಂತು. ನಿಲ್ಲಿಸೋ ಬಟನ್ ಅನ್ನು ಕೊನೆಗೂ ಹೊರಗಿನವರೇ ಒತ್ತಬೇಕಾಯಿತು.

ನನಗೆ ಇದಕ್ಕಿಂತ ಕಷ್ಟ ಆಗೋದು ಆಮೇಲೆ ನಡೆದದ್ದು. ವಿಕಿರಣದಿಂದ ಜನ ಸಾಯುತ್ತಿದ್ದಾರೆ ಅನ್ನೋ ಜಪಾನಿನ ಸುದ್ದಿಯನ್ನು ಗ್ರೋವ್ಸ್ ಮೊದಲು ಪ್ರಚಾರ ಅಂತ ತಳ್ಳಿಹಾಕಿದರು. ಅದೇ ಆಗಸ್ಟ್ 21ರಂದು ಅವರದೇ ಲಾಸ್ ಅಲಾಮೋಸ್‌ನಲ್ಲಿ ಹ್ಯಾರಿ ಡಾಗ್ಲಿಯನ್ ಅನ್ನೋ 24 ವರ್ಷದ ವಿಜ್ಞಾನಿಗೆ ಪ್ರಯೋಗದಲ್ಲಿ ವಿಕಿರಣ ತಗುಲಿತು. 25 ದಿನ ನರಳಿ ತೀರಿಕೊಂಡರು. ಆದರೂ ನವೆಂಬರ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ಗ್ರೋವ್ಸ್, ಅದು ಹಿತವಾದ ಸಾವು ಅಂತ ಡಾಕ್ಟರುಗಳು ಹೇಳ್ತಾರೆ ಅಂದರು. ಯುದ್ಧ ಮುಗಿದಿತ್ತು, ಡೆಡ್‌ಲೈನ್ ಇರಲಿಲ್ಲ. ಪ್ರಾಜೆಕ್ಟ್ ಮುಗಿಸಿದವನಿಗೆ ಅದರ ಫಲಿತಾಂಶದ ಡೇಟಾ ನೋಡೋದೂ ಕೆಲಸವೇ ಅಲ್ಲವಾ?

ಕೊನೆಯ ವರ್ಷಗಳು

1947ರ ಆರಂಭದಲ್ಲಿ ಅಣುಶಕ್ತಿಯ ಕೆಲಸ ಸೇನೆಯಿಂದ ನಾಗರಿಕ ಆಯೋಗಕ್ಕೆ ಹೋಯಿತು. 1948ರ ಜನವರಿಯಲ್ಲಿ ಸೇನೆಯ ಮುಖ್ಯಸ್ಥ ಐಸೆನ್‌ಹೋವರ್ ಗ್ರೋವ್ಸ್‌ರನ್ನು ಕೂರಿಸಿಕೊಂಡು ಅವರ ಒರಟುತನ, ಅಹಂಕಾರದ ಬಗ್ಗೆ ಬಂದಿದ್ದ ದೂರುಗಳನ್ನು ಓದಿ ಹೇಳಿದರು. ಇನ್ನು ಮೇಲೇರೋದು ಆಗಲ್ಲ ಅಂತ ಗ್ರೋವ್ಸ್‌ಗೆ ಅರ್ಥವಾಯಿತು. ಲೆಫ್ಟಿನೆಂಟ್ ಜನರಲ್ ಪದವಿಯೊಂದಿಗೆ ಫೆಬ್ರವರಿ 29ರಂದು ನಿವೃತ್ತರಾಗಿ, ಮುಂದೆ ಕಂಪ್ಯೂಟರ್ ಮಾಡಿದ ರೆಮಿಂಗ್ಟನ್ ರ‍್ಯಾಂಡ್ ಕಂಪನಿ ಸೇರಿದರು. 1954ರಲ್ಲಿ ಓಪನ್‌ಹೈಮರ್ ವಿಚಾರಣೆಯಲ್ಲಿ, ಅವರು ದೇಶದ್ರೋಹಿ ಅಲ್ಲ ಅಂದರೂ, ಈಗಿನ ಕಾನೂನಿನ ಪ್ರಕಾರ ಅನುಮತಿ ಕೊಡ್ತಿರಲಿಲ್ಲ ಅಂತ ಸಾಕ್ಷಿ ಹೇಳಿದರು. 1962ರಲ್ಲಿ ತಮ್ಮ ಪುಸ್ತಕ ಬರೆದರು. 1970ರ ಜುಲೈ 13ರಂದು ತೀರಿಕೊಂಡರು.

ಅವರ ಕೆಳಗೆ ವರ್ಷಗಟ್ಟಲೆ ದುಡಿದ ನಿಕೋಲ್ಸ್, ಅವರಂಥ ಕೆಟ್ಟ ಬಾಸ್ ಇಲ್ಲ, ನಾವೆಲ್ಲ ಅವರನ್ನು ದ್ವೇಷಿಸ್ತಿದ್ದೆವು ಅಂತ ಬರೆದಿದ್ದಾರೆ. ಜೊತೆಗೇ, ಇಂಥ ಕೆಲಸ ಮತ್ತೆ ಬಂದರೆ ಅವರನ್ನೇ ಬಾಸ್ ಆಗಿ ಆರಿಸಿಕೊಳ್ತೀನಿ ಅಂತಾನೂ ಬರೆದಿದ್ದಾರೆ.

ನಮಗೇನು?

ಕಲಿಯಬೇಕಾದ್ದು ಸ್ಪಷ್ಟ. ಒಂದು, ಪೂರ್ತಿ ಮಾಹಿತಿ ಸಿಗೋವರೆಗೂ ಕಾಯಬೇಡಿ, ಆದರೆ ಎರಡನೇ ದಾರಿ ಇಟ್ಟುಕೊಳ್ಳಿ. ಎರಡು, ಮೂಲೆಯಲ್ಲಿ ಜಾಗ ಬಿಡಿ. ಮೂರು, ಸರ್ಟಿಫಿಕೇಟ್ ನೋಡದೆ ಮನುಷ್ಯನನ್ನು ನೋಡಿ ಆರಿಸಿ. ನಾಲ್ಕು, ಕೆಟ್ಟದ್ದು ಕೆಟ್ಟಿದೆ ಅಂತ ಒಪ್ಪಿ 48 ಅಯಸ್ಕಾಂತ ವಾಪಸ್ ಕಳಿಸೋ ಧೈರ್ಯ ಇರಲಿ.

ಇನ್ನೊಂದು ಪಾಠ ಯಾವ ಸಿಲಬಸ್‌ನಲ್ಲೂ ಇಲ್ಲ. ನಾವು ಇನ್ನೆರಡು ವರ್ಷದಲ್ಲಿ ಕೆಲಸಕ್ಕೆ ಸೇರ್ತೀವಿ. ಸೇರಿದ ಕಡೆ ನಮಗೂ ಒಂದು ಮಾಡ್ಯೂಲ್ ಕೊಡ್ತಾರೆ, ಒಂದು ಪ್ಯಾನೆಲ್ ಮುಂದೆ ಕೂರಿಸ್ತಾರೆ. ಅದು ಯಾವುದರ ಭಾಗ ಅಂತ ಕೇಳೋ ಅಭ್ಯಾಸ ನಮಗಿದೆಯಾ? ಮೊದಲು ಹೇಳಿದ ಕಾರಣ ಮುಗಿದುಹೋದಾಗ, ಈಗ ಯಾಕೆ ಮುಂದುವರಿಸ್ತಿದ್ದೀವಿ ಅಂತ ಮೀಟಿಂಗ್‌ನಲ್ಲಿ ಕೈ ಎತ್ತೋರು ಯಾರು? ಗ್ರೋವ್ಸ್ ಕೊಟ್ಟ ಕೆಲಸವನ್ನು ಹೇಳಿದ್ದಕ್ಕಿಂತ ಚೆನ್ನಾಗಿ ಮುಗಿಸಿದರು. ಆ ಪ್ರಶ್ನೆ ಕೇಳೋದು ತಮ್ಮ ಕೆಲಸ ಅಂತ ಅವರು ಅಂದುಕೊಳ್ಳಲಿಲ್ಲ. ಅದು ಎಂಜಿನಿಯರ್ ಕೆಲಸವೇ ಅಂತ ನನ್ನ ಅಭಿಪ್ರಾಯ. ಅಲ್ಲ, ಅದು ಸರ್ಕಾರದ ಕೆಲಸ ಅನ್ನೋರು ನಮ್ಮ ಕ್ಲಾಸಲ್ಲೇ ಇದ್ದಾರೆ. ಅವರ ವಾದವೂ ಸುಲಭಕ್ಕೆ ತಳ್ಳಿಹಾಕೋ ಹಾಗಿಲ್ಲ, ಯಾಕಂದ್ರೆ ಕ್ಯೋಟೋ ಉಳಿದಿದ್ದು ಒಬ್ಬ ಮಂತ್ರಿಯಿಂದ. ಕ್ಲಬ್‌ನ ಮುಂದಿನ ಚರ್ಚೆಗೆ ಇದನ್ನೇ ಇಡೋಣ, ಎರಡೂ ಕಡೆಯವರು ತಯಾರಾಗಿ ಬನ್ನಿ.